ಬಂದ ಕಾರಣ

ರಾತ್ರಿ ಹನ್ನೊಂದೂವರೆ. ನೌಬಾದಿನ ಮಾಳಿಗೆಯ ಮೇಲೆ
ಲ್ಯಾಪ್‌ಟಾಪು ತೊಡೆಗೆ ಬಿಸಿ.
ಬ್ರೌಸರಿನ ಒಂದು ಟ್ಯಾಬಿನಲ್ಲಿ ಸೀರೆ ಅಂಗಡಿ,
ಇನ್ನೊಂದರಲ್ಲಿ ರಕ್ತನಿಧಿಯ ಲಿನಕ್ಸ್ ಸರ್ವರು:
ಮೆಮೊರಿ ಅರ್ಧ, ಡಿಸ್ಕು ಮುಕ್ಕಾಲು,
ಮೈಶಾಖ ಎಂಬತ್ತೊಂದು.
ಎರಡು ವರ್ಷದಿಂದ ಅದರ ಜ್ವರ ನೋಡುತ್ತ ಬಂದವಳು,
ಮುಖ ನೋಡಿದವಳಲ್ಲ.

ಲಾಗ್ ತೆರೆದರೆ ಬಾಗಿಲು ಬಡಿಯುವ ಸದ್ದು.
ರೂಟ್, ತಪ್ಪು ಪಾಸ್‌ವರ್ಡ್.
ರೂಟ್, ತಪ್ಪು ಪಾಸ್‌ವರ್ಡ್.
ಅಡ್ಮಿನ್. ಟೆಸ್ಟ್. ಮತ್ತೆ ರೂಟ್.
ನಿಮಿಷಕ್ಕೆ ನಲವತ್ತು ಸಲ,
ಯಾವ ದೇಶದ ಯಾವ ಯಂತ್ರವೋ, ನಿದ್ದೆಯಿಲ್ಲದ್ದು,
ಒಳಗೆ ರಕ್ತವಿದೆಯೋ ತೊಗರಿಯಿದೆಯೋ ಗೊತ್ತಿಲ್ಲದೆ
ಗೋಡೆ ಸವರಿ ಸವರಿ ಚಿಲಕ ಹುಡುಕುತ್ತಿತ್ತು.
ನಡುವೆ ಒಂದು ಹೆಸರು ಕುತ್ತಿಗೆ ಹಿಡಿಯಿತು: ಎಸ್ತರ್.
ನಮ್ಮ ಸಿಸ್ಟರ್.
ಅವಳ ಪಾಸ್‌ವರ್ಡು ಮಗನ ಹೆಸರು, ಅವನು ಹುಟ್ಟಿದ ವರ್ಷ.
ವಾರ್ಡಿಗೆಲ್ಲ ಗೊತ್ತು.

ಮಾತಿಗೆ ತೆರೆಯುವ ಬಾಗಿಲು
ಮಾತು ಕೇಳಿಸಿಕೊಂಡವರಿಗೆಲ್ಲ ತೆರೆದೀತು.
ಪಾಸ್‌ವರ್ಡ್ ಅಳಿಸಿ ಜೋಡಿ ಕೀಲಿ ಕಡೆದೆ,
ಒಂದು ಅದರ ಹೊಸ್ತಿಲಿಗೆ, ಒಂದು ನನಗೆ.
ರೂಟಿಗೆ ಹೊರಗಿನಿಂದ ದಾರಿಯೇ ಇಲ್ಲ ಅಂದೆ.
ಉಳಿದದ್ದು ಬೀದಿಗೆ ಮುಖಮಾಡಿದ
ಒಂಬತ್ತು ಸಾವಿರದ ತೊಂಬತ್ತನೆಯ ಕಿಂಡಿ.
ಅದನ್ನೂ ಮುಚ್ಚಿ, ಇನ್ನು ಸುರಂಗದೊಳಗಿಂದ ಬರುವುದು:
ಈ ಮಾಳಿಗೆಯ ಕೆಳಗೂ ಎಲ್ಲೋ ಸುಲ್ತಾನರ ಕಾಲದ ಕರೇಜ್,
ಬಿಸಿಲಿಗೆ ಕಾಣದೆ, ಕಂಡವರ ಕೈಗೆ ಸಿಗದೆ
ನೀರು ನಡೆದ ದಾರಿ.

ಹಾಗಂದುಕೊಂಡವಳು
ಮೊದಲು ಮುಚ್ಚಿದೆ. ಸುರಂಗ ಆಮೇಲೆ ಅಂತ.
ಫೈರ್‌ವಾಲ್ ಹೇಳಿದ್ದನ್ನು ಕೇಳಿತು.
ಚಕ್ರ ತಿರುಗಿತು. ಪರದೆ ಬೂದಿಯಾಯಿತು.
ಸಂಪರ್ಕ ತಪ್ಪಿದೆ.

ಕಳ್ಳ ಹೊರಗೆ. ಮನೆಯೊಡತಿಯೂ ಹೊರಗೆ.
ಔರಾದಿನಲ್ಲಿ ಯಾರಿಗೋ ಹೆರಿಗೆ ಬಿಗಿಯಾದರೆ
ಓ ನೆಗೆಟಿವ್ ಎಷ್ಟು ಚೀಲ ಉಳಿದಿದೆಯೆಂದು
ಈಗ ಯಾರಿಗೂ ಕಾಣದು.

ಸ್ಕೂಟಿ. ಖಾಲಿ ರಸ್ತೆ. ನಾಯಿಗಳ ಎರಡು ಗಡಿ.

ಗೇಟಿನಲ್ಲಿ ಝರೆಪ್ಪ, ತಲೆಗೆ ಟವೆಲು, ಕೈಯಲ್ಲಿ ಬಡಿಗೆ.
"ಯಾರು ಬೇಕಾಗ್ಯಾರ?"
"ಸರ್ವರ್ ರೂಮಿನ ಬಾಗಿಲ ತೆಗೀರಿ. ಅದನ್ನ ನೋಡ್ಕೊಳ್ಳಾಕಿ ನಾನೇ."
"ಅದನ್ನ ನೋಡೋರು ಒಬ್ಬ ಸಾಹೇಬ್ರು. ನಾ ಅವರನ್ನ ನೋಡಿಲ್ಲ ಖರೆ."
"ಆ ಸಾಹೇಬ್ರು ನಾನೇ."
"ಹೆಸರು?"
"ಇಂದುಮತಿ ಹುಡಗಿ."
"ಹುಡುಗಿ ಅನ್ನೂದು ಕಾಣಸ್ತದವ್ವಾ, ಅಡ್ಡಹೆಸರು ಹೇಳು."
"ಅದೇ ಅಡ್ಡಹೆಸರು. ಹುಮನಾಬಾದ್ ಹತ್ರ ಊರದ."
ಟಾರ್ಚು ನನ್ನ ಗುರುತಿನ ಚೀಟಿಗೆ, ಮುಖಕ್ಕೆ, ಮತ್ತೆ ಚೀಟಿಗೆ.
"ಚೀಟಿ ಯಾರರೆ ಛಾಪಸ್ತಾರ.
ನಿನ್ನ ಬಲ್ಲೋರು ಒಳಗ ಯಾರದಾರ?"

ಸಿಸ್ಟರ್ ಎಸ್ತರ್ ಬಂದಳು, ಗ್ಲೌಸು ಕಳಚುತ್ತ.
ಅವಳೂ ನನ್ನನ್ನು ಕಂಡವಳಲ್ಲ.
"ಏನರೆ ಮಾತಾಡ್ರಿ," ಅಂದಳು.
ಏನು ಮಾತಾಡಲಿ?
ಫೋನಿನಲ್ಲಿ ನೂರು ಸಲ ಹೇಳಿದ್ದೇ ಬಾಯಿಗೆ ಬಂತು:
"ಸಿಸ್ಟರ್, ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ."
ನಕ್ಕುಬಿಟ್ಟಳು. "ಬಿಡು ಕಾಕಾ. ಇಕೀನೇ ಆಕಿ."

ಉಡಿದಾರಕ್ಕೆ ಕಟ್ಟಿದ ಕೀಲಿಯನ್ನು ಝರೆಪ್ಪ ಬಿಚ್ಚಿಕೊಡಲಿಲ್ಲ,
ಕೀಲಿಯ ಜೊತೆ ತಾನೇ ಬಗ್ಗಿದ.

ಒಳಗೆ ಅದು. ಇಷ್ಟೇ.
ಕಾಲು ಮುರಿದ ಸ್ಟೂಲಿನ ಮೇಲೆ ಧೂಳು ಹಿಡಿದ ಕರೀ ಪೆಟ್ಟಿಗೆ.
ಗಾಳಿಕಿಂಡಿಯ ಮೇಲೆ, ಬೆಚ್ಚಗಿರಲೆಂದು, ಯಾರದೋ ಬುತ್ತಿ.
ಎಂಬತ್ತೊಂದು ಡಿಗ್ರಿಯ ಕಾರಣ ಜೋಳದ ರೊಟ್ಟಿ!
ಬುತ್ತಿ ಇಳಿಸಿ ಅಂಗೈ ಇಟ್ಟೆ.
ಗುರ್ ಅಂದಿತು, ಸಾಕಿದ ಬೆಕ್ಕು ಹೊಸಬರಿಗೆ ಅನ್ನುವಂತೆ.

ಕೀಬೋರ್ಡು ಹಚ್ಚಿ ಈ ಸಲ ಸುರಂಗ ಮೊದಲು.
ಆಮೇಲೆ ಮೊಬೈಲಿನ ಬ್ರೌಸರಿನಿಂದ
ಯಾರೋ ಪರಕೀಯಳಂತೆ ನಾನೇ ತಟ್ಟಿ ನೋಡಿದೆ.
ಕೀಲಿ ಇಲ್ಲದೆ: ಮೌನ.
ಕೀಲಿ ಇಟ್ಟಾಗ ಪರದೆ ತುಂಬ ಬೆಳಕು.
ಓ ನೆಗೆಟಿವ್, ಎರಡು ಚೀಲ.

ಹೊರಡುವಾಗ ಝರೆಪ್ಪ ರಿಜಿಸ್ಟರು ಮುಂದೆ ಸರಿಸಿದ.
ಹೆಸರು. ಬಂದ ವೇಳೆ. ಹೋದ ವೇಳೆ.
ಕೊನೆಯ ಮನೆ: ಬಂದ ಕಾರಣ.
ಪೆನ್ನು ಹಿಡಿದು ಬಹಳ ಹೊತ್ತು ನಿಂತೆ.
'ಬಾಗಿಲು ಹಾಕಿದೆ' ಅಂತ ಬರೆದೆ.
'ನಾನು ಹೊರಗಿದ್ದಾಗ' ಅಂತ ಸೇರಿಸಿದೆ.
ಅವನು ಓದಲಿಲ್ಲ.
ಸಹಿಯ ಮೇಲೆ ಬೆರಳಿಟ್ಟು ನೋಡಿ,
"ನಾಳಿ ಬಂದರೂ ಕೇಳ್ತೀನಿ ಮತ್ತ," ಅಂದ.